ಬತ್ತಿಸಿದ ಅರವತ್ತು ದಿನ ಕೆಚ್ಚಲು ಸುಮ್ಮನಿರುವುದಿಲ್ಲ



ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಸಂಘಗಳಿಗೆ ಬಂದಾಗ ನೀವು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. “ಡಾಕ್ಟ್ರೇ, ಗಬ್ಬ ಏಳು ತಿಂಗಳು ತುಂಬಿತು. ಆದರೂ ಆಕಳು ಹೊತ್ತಿಗೆ ಒಂದೂವರೆ ಲೀಟರ್ ಕೊಡ್ತಾ ಇದೆ. ಕೊಡುವ ಹಾಲನ್ನು ಬೇಡ ಅನ್ನೋದು ಹೇಗೆ?”

ಪ್ರಶ್ನೆ ನ್ಯಾಯವಾದದ್ದೇ. ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಅದು ಬರುವ ಮೊದಲೇ ಖರ್ಚಿನ ದಾರಿ ಗೊತ್ತಾಗಿರುತ್ತದೆ. ಸಂಘದ ಬಟವಾಡೆ ಹಾಗಲ್ಲ. ಮಕ್ಕಳ ಶಾಲೆ ಬಸ್ಸು, ಕಿರಾಣಿ, ಔಷಧಿ ಎಲ್ಲ ಅದರಲ್ಲೇ ನಡೆಯಬೇಕು. ಅಂಥ ಹಣವನ್ನು ಎರಡು ತಿಂಗಳು ಬಿಡಿ ಎಂದು ನಾವು ಹೇಳುವಾಗ, ಏಕೆ ಬಿಡಬೇಕು ಎಂಬುದನ್ನು ಪೂರ್ತಿ ವಿವರಿಸುವುದು ನಮ್ಮ ಕೆಲಸ. “ಬತ್ತಿಸಿದರೆ ಆಕಳಿಗೆ ವಿಶ್ರಾಂತಿ ಸಿಗುತ್ತದೆ” ಎನ್ನುವ ಒಂದು ಮಾತು ಸಾಲದು. ಆ ಅರವತ್ತು ದಿನಗಳಲ್ಲಿ ಕೆಚ್ಚಲಿನೊಳಗೆ ದೊಡ್ಡ ಕೆಲಸವೇ ನಡೆಯುತ್ತದೆ. ಹಳೆಯ ಜೀವಕೋಶಗಳು ಹೋಗಿ ಹೊಸವು ಹುಟ್ಟುತ್ತವೆ. ಅವು ಹುಟ್ಟುವ ಬಗೆಯನ್ನು ತಿಳಿದುಕೊಂಡರೆ ಬತ್ತಿಸುವ ಲೆಕ್ಕ ತಾನಾಗಿ ಅರ್ಥವಾಗುತ್ತದೆ.

ಹಾಲು ಮಾಡುವವರು ಯಾರು?

ಕೆಚ್ಚಲು ಹಾಲು ತುಂಬಿಟ್ಟ ಚೀಲವಲ್ಲ. ಅದರೊಳಗೆ ದ್ರಾಕ್ಷಿ ಗೊಂಚಲಿನಂತೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಿವೆ. ಪ್ರತಿ ಗುಳ್ಳೆಯ ಒಳಗೋಡೆಗೆ ಒಂದೇ ಸಾಲಿನಲ್ಲಿ ಜೀವಕೋಶಗಳು ಅಂಟಿಕೊಂಡಿರುತ್ತವೆ. ಹಾಲು ಮಾಡುವವರು ಇವರೇ. ರಕ್ತದಿಂದ ಸಕ್ಕರೆ, ಪ್ರೋಟೀನು, ಕೊಬ್ಬು, ಖನಿಜಗಳನ್ನು ಹೀರಿಕೊಂಡು ಹಾಲಾಗಿಸಿ ಗುಳ್ಳೆಯೊಳಗೆ ಬಿಡುತ್ತಾರೆ. ಒಂದು ಲೀಟರ್ ಹಾಲಿಗೆ ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾದುಹೋಗಬೇಕು.

ಹಾಗಾದರೆ ಆಕಳು ಎಷ್ಟು ಹಾಲು ಕೊಡುತ್ತದೆ ಎಂಬುದು ಎರಡು ವಿಷಯದ ಮೇಲೆ ನಿಂತಿದೆ. ಕೆಚ್ಚಲಿನಲ್ಲಿ ಇಂಥ ಕೋಶಗಳು ಎಷ್ಟಿವೆ? ಒಂದೊಂದು ಕೋಶ ಎಷ್ಟು ದುಡಿಯುತ್ತದೆ? ಹಿಂಡಿ, ಹಸಿ ಹುಲ್ಲು, ನೀರು ಸರಿಯಾಗಿ ಕೊಟ್ಟರೆ ದುಡಿಮೆ ಹೆಚ್ಚಿಸಬಹುದು. ಆದರೆ ಕೆಲಸಗಾರರ ಸಂಖ್ಯೆ ಬಹುಪಾಲು ಕರು ಹಾಕುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಕರು ಹಾಕಿ ಆರರಿಂದ ಎಂಟು ವಾರಕ್ಕೆ ಹಾಲು ಏರುಮಟ್ಟ ಮುಟ್ಟುತ್ತದೆ. ಅಲ್ಲಿಂದ ಮುಂದೆ ದಿನದಿನವೂ ಸಾಯುವ ಕೋಶಗಳು ಹೆಚ್ಚು, ಹುಟ್ಟುವವು ಕಡಿಮೆ. ಆದ್ದರಿಂದಲೇ ನೀವು ಎಷ್ಟು ಚೆನ್ನಾಗಿ ಸಾಕಿದರೂ ಹಾಲು ನಿಧಾನವಾಗಿ ಇಳಿಯುತ್ತದೆ.

ಹಾಲು ಮಾಡುವ ಕೆಲಸದಲ್ಲಿ ಮುಳುಗಿದ ಕೋಶ ಎರಡಾಗಿ ಒಡೆಯುವುದು ಬಹಳ ಅಪರೂಪ. ಒಲೆಯ ಮೇಲೆ ನೂರು ಜನರ ಅಡುಗೆ ಬೇಯುತ್ತಿರುವಾಗ ಅದೇ ಒಲೆಯನ್ನು ಕಿತ್ತು ಹೊಸದಾಗಿ ಕಟ್ಟಲು ಆಗುತ್ತದೆಯೇ? ಅಡುಗೆ ನಿಲ್ಲಿಸಬೇಕು, ಒಲೆ ಆರಬೇಕು, ಆಮೇಲೆ ಕಟ್ಟಬೇಕು.

ಒಂದು ಕೋಶ ಎರಡಾಗುವ ಮೊದಲು

ಜೀವಕೋಶ ಎರಡಾಗುವುದೆಂದರೆ ರೊಟ್ಟಿಯನ್ನು ಎರಡು ತುಂಡು ಮಾಡಿದಂತೆ ಅಲ್ಲ. ಊರಲ್ಲಿ ಮನೆ ಪಾಲಾಗುವುದನ್ನು ನೋಡಿದ್ದೀರಿ. ಇದ್ದದ್ದನ್ನೇ ಹಂಚಿಕೊಂಡರೆ ಇಬ್ಬರಿಗೂ ಅರ್ಧರ್ಧ. ಜೀವಕೋಶ ಹಾಗೆ ಮಾಡಿದರೆ ಎರಡೂ ಬದುಕುವುದಿಲ್ಲ. ಅದು ಮೊದಲು ಪಾತ್ರೆ ಪಗಡಿ, ಕಾಳು ಕಡ್ಡಿ, ಕಾಗದ ಪತ್ರ ಎಲ್ಲವನ್ನೂ ಎರಡರಷ್ಟು ಮಾಡಿಕೊಳ್ಳುತ್ತದೆ. ಆಮೇಲೆ ಪಾಲಾಗುತ್ತದೆ. ಇಬ್ಬರಿಗೂ ಪೂರ್ತಿ ಮನೆಯೇ ಸಿಗುತ್ತದೆ. ಈ ಇಡೀ ಸುತ್ತಿಗೆ ಕೋಶಚಕ್ರ ಎಂದು ಹೆಸರು. ಅದರಲ್ಲಿ ನಾಲ್ಕು ಘಟ್ಟಗಳಿವೆ.

ಮೊದಲನೆಯದು ಬೆಳವಣಿಗೆ. ಕೋಶ ಆಹಾರ ಹೀರಿ ದೊಡ್ಡದಾಗುತ್ತದೆ, ಪ್ರೋಟೀನು ತಯಾರಿಸುತ್ತದೆ, ಮುಂದಿನ ಕೆಲಸಕ್ಕೆ ಬೇಕಾದ ಸಾಮಾನು ಕೂಡಿಡುತ್ತದೆ. ಎರಡನೆಯದು ನಕಲು ಮಾಡುವುದು. ಪ್ರತಿ ಕೋಶದ ನಡುವೆ ಡಿಎನ್‌ಎ ಎಂಬ ಎಳೆಗಳಲ್ಲಿ ಆಕಳ ದೇಹದ ಪೂರ್ತಿ ಲೆಕ್ಕಪತ್ರ ಇದೆ. ಆಕಳಲ್ಲಿ ಈ ಎಳೆಗಳು 60, ಅಂದರೆ 30 ಜೋಡಿ. ಮುರ್ರಾ, ಸುರ್ತಿಯಂಥ ಎಮ್ಮೆಗಳಲ್ಲಿ 50, ನಮ್ಮಲ್ಲಿ 46. ಇವಕ್ಕೆ ವರ್ಣತಂತುಗಳು ಎನ್ನುತ್ತಾರೆ. ಆಕಳ ಒಂದು ಪ್ರತಿ ಲೆಕ್ಕಪತ್ರದಲ್ಲಿ ಸುಮಾರು 270 ಕೋಟಿ ಅಕ್ಷರಗಳಿವೆ. ಎರಡಾಗುವ ಮೊದಲು ಅಷ್ಟೂ ಅಕ್ಷರಗಳ ನಕಲು ಆಗಬೇಕು. ಮೂರನೆಯದು ಮತ್ತೊಮ್ಮೆ ಬೆಳವಣಿಗೆ ಮತ್ತು ತಪ್ಪು ತಿದ್ದುವುದು. ನಾಲ್ಕನೆಯದು ವಿಭಜನೆ. ಎಳೆಗಳು ಎರಡು ಕಡೆಗೆ ಸರಿದು, ನಡುವೆ ಗೋಡೆ ಬಿದ್ದು, ಒಂದು ಎರಡಾಗುತ್ತದೆ.

ಸಮಯ ಗಮನಿಸಿ. ಚುರುಕಾಗಿ ಬೆಳೆಯುವ ಪ್ರಾಣಿಕೋಶವೊಂದಕ್ಕೆ ಒಂದು ಸುತ್ತು ಮುಗಿಯಲು ಸುಮಾರು 24 ಗಂಟೆ ಬೇಕು. ಮೊದಲ ಬೆಳವಣಿಗೆಗೆ 10-11 ಗಂಟೆ, ನಕಲಿಗೆ 8 ಗಂಟೆ, ತಿದ್ದುವುದಕ್ಕೆ 4 ಗಂಟೆ. ಒಡೆಯುವ ಕೆಲಸ ಒಂದೇ ಗಂಟೆ! ದಿನವಿಡೀ ಸಿದ್ಧತೆ, ಗಳಿಗೆ ಹೊತ್ತಿನ ಕಾರ್ಯ. ಮನೆಯಲ್ಲಿ ಹಬ್ಬದ ಅಡುಗೆ ಮಾಡಿ ಬಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಘಟ್ಟಗಳನ್ನು ಗುರುತಿಸಿದವರಲ್ಲಿ ಒಬ್ಬರು ಮಹಿಳೆ. 1953ರಲ್ಲಿ ಲಂಡನ್ನಿನಲ್ಲಿ ಅಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಎಂಬ ವಿಜ್ಞಾನಿಗಳು ಅವರೆ ತರಹದ ದಪ್ಪ ಕಾಳಿನ ಗಿಡದ ಬೇರನ್ನು ತೆಗೆದುಕೊಂಡು, ಅದಕ್ಕೆ ಗುರುತು ಹಚ್ಚಿದ ರಂಜಕ ಕೊಟ್ಟು ನೋಡಿದರು. ಬೇರಿನ ತುದಿಯ ಕೋಶಗಳು ಹೊಸ ಡಿಎನ್‌ಎ ಮಾಡುವಾಗ ಆ ರಂಜಕವನ್ನು ಸೇರಿಸಿಕೊಳ್ಳುತ್ತವೆ. ಹಾಗಾಗಿ ನಕಲು ಯಾವಾಗ ನಡೆಯಿತು ಎಂದು ಹಿಡಿಯಬಹುದು. ಕೋಶ ಒಡೆಯುವ ಹೊತ್ತಿನಲ್ಲಿ ನಕಲು ನಡೆಯುವುದಿಲ್ಲ, ಬಹಳ ಮೊದಲೇ ಮುಗಿದಿರುತ್ತದೆ ಎಂದು ಅವರಿಗೆ ಕಂಡಿತು. ಆ ರಂಜಕದ ಮಾತನ್ನು ನೆನಪಿಟ್ಟುಕೊಳ್ಳಿ, ನಮ್ಮ ಮಲೆನಾಡಿನ ಹುಲ್ಲಿಗೂ ಅದಕ್ಕೂ ಸಂಬಂಧವಿದೆ.

ಬೆಳೆಯದೆ ಒಡೆಯುವ ಕೋಶಗಳೂ ಇವೆ. ಬೆದೆಗೆ ಬಂದ ಆಕಳಿಗೆ ಕೃತಕ ಗರ್ಭಧಾರಣೆ ಮಾಡಿಸಿ, ಅಂಡ ಫಲಿಸಿದ ಮೇಲೆ ಮೊದಲ ವಾರ ನಡೆಯುವುದು ಹೀಗೆಯೇ. ಒಂದು ಎರಡು, ಎರಡು ನಾಲ್ಕು, ನಾಲ್ಕು ಎಂಟು. ಏಳನೇ ದಿನಕ್ಕೆ ನೂರರ ಆಸುಪಾಸು ಕೋಶಗಳಾದರೂ ಇಡೀ ಪಿಂಡದ ಗಾತ್ರ ಹೆಚ್ಚುಕಡಿಮೆ ಮೊದಲಿನ ಅಂಡದಷ್ಟೇ. ಪ್ರತಿ ಸಲವೂ ಕೋಶ ಚಿಕ್ಕದಾಗುತ್ತಾ ಹೋಗುತ್ತದೆ. ಅದು ಸಾಧ್ಯವಾಗುವುದು ಅಂಡ ಫಲಿಸುವ ಮುಂಚೆಯೇ ತನ್ನೊಳಗೆ ಬುತ್ತಿ ಕಟ್ಟಿಟ್ಟುಕೊಂಡಿರುವುದರಿಂದ. ಅಲ್ಲಿಯೂ ಸಿದ್ಧತೆ ಮೊದಲು, ವಿಭಜನೆ ಆಮೇಲೆ.

ಸಂಘದಲ್ಲಿ ಇರುವಂತೆ ಕೋಶದಲ್ಲೂ ತಪಾಸಣೆ

ನೀವು ತಂದ ಹಾಲನ್ನು ನೇರ ಕ್ಯಾನಿಗೆ ಸುರಿಯುವುದಿಲ್ಲ. ಮಾದರಿ ತೆಗೆದು ಡಿಗ್ರಿ, ಫ್ಯಾಟು ನೋಡಿ ಆಮೇಲೆ ಸುರಿಯುತ್ತಾರೆ. ಕೋಶಚಕ್ರದಲ್ಲೂ ಹಾಗೆ ಮುಖ್ಯವಾದ ಮೂರು ತಪಾಸಣೆಗಳಿವೆ. ನಕಲು ಶುರುವಾಗುವ ಮೊದಲು: ಸಾಕಷ್ಟು ಬೆಳೆದಿದ್ದೇನೆಯೇ, ಆಹಾರ ಇದೆಯೇ, ದೇಹದಿಂದ ಅಪ್ಪಣೆ ಬಂದಿದೆಯೇ? ನಕಲಾದ ಮೇಲೆ: ಎಲ್ಲ ಅಕ್ಷರ ಬಂದಿದೆಯೇ, ಎಲ್ಲಾದರೂ ಹರಿದಿದೆಯೇ? ಒಡೆಯುವಾಗ: ಎಳೆಗಳು ಎರಡೂ ಕಡೆಗೆ ಸಮನಾಗಿ ಹಿಡಿದುಕೊಂಡಿವೆಯೇ? ಉತ್ತರ ‘ಇಲ್ಲ’ ಎಂದಾದರೆ ಕೋಶ ಅಲ್ಲೇ ನಿಲ್ಲುತ್ತದೆ. ಸರಿಪಡಿಸಿಕೊಳ್ಳುತ್ತದೆ, ಆಗದಿದ್ದರೆ ತಾನೇ ಸಾಯುತ್ತದೆ. ಕೋಶಚಕ್ರವನ್ನು ನಡೆಸುವ ಈ ವ್ಯವಸ್ಥೆಯನ್ನು ಬೇಕರಿ ಬ್ರೆಡ್ಡಿನ ಯೀಸ್ಟು ಮತ್ತು ಸಮುದ್ರ ಜೀವಿಯ ಮೊಟ್ಟೆಗಳಂಥ ಸಾಮಾನ್ಯ ವಸ್ತುಗಳಲ್ಲಿ ಹುಡುಕಿ ತೋರಿಸಿದ್ದಕ್ಕೆ ಲೀಲೆಂಡ್ ಹಾರ್ಟ್‌ವೆಲ್, ಟಿಮ್ ಹಂಟ್, ಪಾಲ್ ನರ್ಸ್ ಎಂಬ ಮೂವರಿಗೆ 2001ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ತಪಾಸಣೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗುಡ್ಡಗಾಡಿನ ದನಗಳಲ್ಲೇ ಉದಾಹರಣೆ ಇದೆ. ಬ್ರ್ಯಾಕನ್ ಎಂಬ ಜಾತಿಯ ಜರಿಗಿಡವನ್ನು ಬಹುಕಾಲ ಮೇಯ್ದ ದನಗಳಲ್ಲಿ ಮೂತ್ರಕೋಶದ ಗಂತಿಯಾಗಿ ಮೂತ್ರದಲ್ಲಿ ರಕ್ತ ಹೋಗುತ್ತದೆ. ಆ ಗಿಡದ ವಿಷ ಕೋಶದ ಡಿಎನ್‌ಎಯನ್ನೇ ಕೆಡಿಸುತ್ತದೆ. ಕೆಟ್ಟ ಲೆಕ್ಕಪತ್ರ ಹಿಡಿದ ಕೋಶ ತಡೆಯಿಲ್ಲದೆ ಒಡೆಯತೊಡಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಹುಲ್ಲು ಮುಗಿದಾಗ ಬೆಟ್ಟಕ್ಕೆ ಬಿಟ್ಟ ದನ ಜರಿಗಿಡಕ್ಕೆ ಬಾಯಿ ಹಾಕದಂತೆ ನೋಡಿಕೊಳ್ಳಿ. ಮೂತ್ರ ಕೆಂಪಾಗಲು ಉಣುಗಿನಿಂದ ಬರುವ ಜ್ವರ ಮುಂತಾದ ಬೇರೆ ಕಾರಣಗಳೂ ಇವೆ. ಯಾವುದೇ ಆಗಲಿ, ಮೂತ್ರ ಕೆಂಪಾದ ದಿನವೇ ನಮಗೆ ತಿಳಿಸಿ.

ಆ ಅರವತ್ತು ದಿನಗಳಲ್ಲಿ ನಡೆಯುವುದು

ಈಗ ಮತ್ತೆ ಕೆಚ್ಚಲಿಗೆ ಬರೋಣ. ಹಾಲು ಕರೆಯುವುದನ್ನು ನಿಲ್ಲಿಸಿದ ಒಂದೆರಡು ದಿನದಲ್ಲಿ ಕೆಚ್ಚಲು ಬಿಗಿಯುತ್ತದೆ. ಆ ಒತ್ತಡವೇ ಕೋಶಗಳಿಗೆ ‘ಇನ್ನು ಸಾಕು’ ಎಂಬ ಸೂಚನೆ. ಹಾಲು ಮಾಡುವುದು ನಿಲ್ಲುತ್ತದೆ, ಒಳಗಿದ್ದ ಹಾಲನ್ನು ದೇಹ ನಿಧಾನವಾಗಿ ಹೀರಿಕೊಳ್ಳುತ್ತದೆ. ದುಡಿದು ದಣಿದ ಹಳೆಯ ಕೋಶಗಳು ಸಾಯುತ್ತವೆ, ಅವನ್ನು ತೆರವು ಮಾಡಲಾಗುತ್ತದೆ. ಇದೆಲ್ಲ ಮೊದಲ ಮೂರು ವಾರಗಳ ಕೆಲಸ. ಜೊತೆಜೊತೆಗೆ ಹೊಸ ಕೋಶಗಳು ಬೆಳೆದು, ನಕಲು ಮಾಡಿ, ತಪಾಸಣೆ ದಾಟಿ, ಒಡೆಯತೊಡಗುತ್ತವೆ. ಒಂದರಿಂದ ಎರಡು, ಎರಡರಿಂದ ನಾಲ್ಕು ಎಂದು ಗುಳ್ಳೆಗಳ ಗೋಡೆ ಹೊಸದಾಗುತ್ತದೆ. ಕೊನೆಯ ಕೆಲವು ವಾರ ಆ ಹೊಸ ಕೋಶಗಳು ಹಾಲು ಮಾಡಲು ಅಣಿಯಾಗುತ್ತವೆ, ಕರುವಿಗೆ ಬೇಕಾದ ಗಿಣ್ಣು ಹಾಲು ಕೂಡತೊಡಗುತ್ತದೆ. ಇದೇ ಎರಡು ತಿಂಗಳಲ್ಲಿ ಹೊಟ್ಟೆಯೊಳಗಿನ ಕರು ತಾನು ಹುಟ್ಟುವ ತೂಕದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಗಳಿಸುತ್ತದೆ. ಅದೂ ಕೋಶಗಳ ಬೆಳವಣಿಗೆ ಮತ್ತು ವಿಭಜನೆಯೇ.

ಬತ್ತಿಸದೆ ಕರೆಯುತ್ತಲೇ ಹೋದರೆ? 1960ರ ದಶಕದಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ಇದನ್ನು ಒಂದೇ ರೂಪದ ಅವಳಿ ಆಕಳುಗಳ ಮೇಲೆ ಪರೀಕ್ಷಿಸಿದರು. ಅವಳಿಗಳಲ್ಲಿ ಒಂದನ್ನು 60 ದಿನ ಬತ್ತಿಸಿದರು, ಇನ್ನೊಂದನ್ನು ಬಿಡದೆ ಕರೆದರು. ಮುಂದಿನ ಸೂಲಿನಲ್ಲಿ ಬತ್ತಿಸದ ಅವಳಿ ಕೊಟ್ಟದ್ದು ಬತ್ತಿಸಿದ ಅವಳಿಯ ಹಾಲಿನ ಶೇಕಡಾ 75ರಷ್ಟು. ಅದರ ಮುಂದಿನ ಸೂಲಿನಲ್ಲಿ ಶೇಕಡಾ 62. ತಾಯಿ ಒಂದೇ, ರಕ್ತ ಒಂದೇ. ವ್ಯತ್ಯಾಸ ಆ ಎರಡು ತಿಂಗಳದ್ದು ಮಾತ್ರ.

ನಮ್ಮ ಲೆಕ್ಕಕ್ಕೆ ತಂದು ನೋಡೋಣ. ಸೂಲಿಗೆ 2,000 ಲೀಟರ್ ಕೊಡುವ ಮಿಶ್ರತಳಿ ಆಕಳು ಎಂದಿಟ್ಟುಕೊಳ್ಳಿ. ಕೊನೆಯ 60 ದಿನ ದಿನಕ್ಕೆ 3 ಲೀಟರಿನಂತೆ ಕರೆದರೆ ನಿಮಗೆ ಸಿಗುವುದು 180 ಲೀಟರ್. ಮುಂದಿನ ಸೂಲಿನಲ್ಲಿ ಕಾಲು ಪಾಲು ಹಾಲು ಇಳಿದರೆ ಕಳೆದುಕೊಳ್ಳುವುದು 500 ಲೀಟರ್. ಇಂದು ಬಂದ 180ನ್ನು ಕಳೆದರೂ 320 ಲೀಟರ್ ನಷ್ಟ. ಗಿಣ್ಣು ಹಾಲಿನ ಗುಣ ಇಳಿಯುವುದು, ಕರು ಸೊರಗುವುದು ಬೇರೆ. ಇಂದಿನ ಬಟವಾಡೆಯಲ್ಲಿ ಕಾಣುವ ಲಾಭ ಮುಂದಿನ ವರ್ಷದ ಬಟವಾಡೆಯಿಂದ ತೆಗೆದ ಸಾಲ.

ಹೊಸ ಕೋಶಕ್ಕೆ ಬೇಕಾದ ಸಾಮಾನು

ಬತ್ತಿಸಿದ ಆಕಳಿಗೆ ಹಿಂಡಿ ಪೂರ್ತಿ ನಿಲ್ಲಿಸಿ, ಕರಡ ಹುಲ್ಲು, ಅಡಿಕೆ ಹಾಳೆ ಹಾಕಿ ಬಿಡುವ ರೂಢಿ ನಮ್ಮಲ್ಲಿದೆ. ಹಾಲೇ ಇಲ್ಲವಲ್ಲ, ತಿನ್ನಿಸಿ ಏನು ಎಂಬ ಲೆಕ್ಕ. ಆದರೆ ಕೋಶ ಮೊದಲ ತಪಾಸಣೆ ದಾಟಬೇಕಾದರೆ ಆಹಾರ ಬೇಕೇ ಬೇಕು. ಇಲ್ಲದಿದ್ದರೆ ಅದು ಬೆಳೆಯುವುದೂ ಇಲ್ಲ, ಒಡೆಯುವುದೂ ಇಲ್ಲ.

ಡಿಎನ್‌ಎ ಎಳೆಯ ಬೆನ್ನೆಲುಬು ಕಟ್ಟಿರುವುದೇ ರಂಜಕದಿಂದ. ಅಲ್ಮಾ ಹೊವಾರ್ಡ್ ರಂಜಕಕ್ಕೆ ಗುರುತು ಹಚ್ಚಿದ್ದು ಅದಕ್ಕಾಗಿಯೇ. ನಮ್ಮ ಘಟ್ಟದ ಮೇಲಿನ ಮಣ್ಣು ಮಳೆಯಲ್ಲಿ ತೊಳೆದುಹೋದ ಹುಳಿ ಜಂಬಿಟ್ಟಿಗೆ ಮಣ್ಣು. ಅದರಲ್ಲಿ ಗಿಡಕ್ಕೆ ಸಿಗುವ ರಂಜಕ ಕಡಿಮೆ, ಆದ್ದರಿಂದ ಅಲ್ಲಿ ಬೆಳೆದ ಒಣ ಹುಲ್ಲಿನಲ್ಲೂ ಕಡಿಮೆ. ಆಕಳು ಮೂಳೆ, ಕಟ್ಟಿಗೆ, ಬಟ್ಟೆ ಜಗಿಯುತ್ತಿದ್ದರೆ ರಂಜಕ ಸಾಲುತ್ತಿಲ್ಲ ಎಂದು ಅನುಮಾನಿಸಬೇಕು. ನಕಲು ಮಾಡುವ ಕೆಲಸಕ್ಕೆ ಸತುವು ಬೇಕು. ಕೋಬಾಲ್ಟ್ ಇದ್ದರೆ ಆಕಳ ಹೊಟ್ಟೆಯ ಸೂಕ್ಷ್ಮಜೀವಿಗಳು ಬಿ-12 ಜೀವಸತ್ವ ಮಾಡುತ್ತವೆ, ಅದೂ ನಕಲಿಗೆ ಬೇಕು. ಇವೆಲ್ಲ ಖನಿಜ ಮಿಶ್ರಣದಲ್ಲಿವೆ. ದಿನಕ್ಕೆ 50 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ, ಹಿಂಡಿಯಲ್ಲಿ ಕಲೆಸಿ ಕೊಡಿ.

ಮೈ ತುಂಬಿರುವ ಮಿಶ್ರತಳಿ ಆಕಳಿಗೆ ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ ಪಶು ಆಹಾರ, ಸಿಕ್ಕಷ್ಟು ಹಸಿ ಹುಲ್ಲು, ಸದಾ ನೀರು. ಕೊನೆಯ ಮೂರು ವಾರ ಪಶು ಆಹಾರವನ್ನು ನಿಧಾನವಾಗಿ ಹೆಚ್ಚಿಸಿ. ಅದೇ ಮೂರು ವಾರ ಕ್ಯಾಲ್ಸಿಯಂ ಟಾನಿಕ್ಕನ್ನು ನಮ್ಮನ್ನು ಕೇಳದೆ ಕುಡಿಸಬೇಡಿ. ಆಗ ಹೊರಗಿನಿಂದ ಹೆಚ್ಚು ಕೊಟ್ಟರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವುದನ್ನು ದೇಹ ಮರೆತು, ಕರು ಹಾಕಿದ ಮೇಲೆ ಆಕಳು ನೆಲ ಹಿಡಿಯುವ ಸಾಧ್ಯತೆ ಹೆಚ್ಚು.

ಬತ್ತಿಸುವುದು ಹೀಗೆ

ದಿನಾಂಕ: ಆಕಳ ಗಬ್ಬ ಸುಮಾರು 280 ದಿನ, ಎಮ್ಮೆಯದು ಸುಮಾರು 310. ಆಕಳನ್ನು 220ನೇ ದಿನಕ್ಕೆ, ಎಮ್ಮೆಯನ್ನು 250ನೇ ದಿನಕ್ಕೆ ಬತ್ತಿಸಬೇಕು. ಜನವರಿ 1ಕ್ಕೆ ಬೀಜ ಕೊಡಿಸಿ ಗಬ್ಬ ನಿಂತಿದ್ದರೆ ಆಗಸ್ಟ್ 9ಕ್ಕೆ ಬತ್ತಿಸುವುದು, ಅಕ್ಟೋಬರ್ 8ರ ಆಸುಪಾಸು ಕರು. ಬೀಜ ಕೊಡಿಸಿದ ದಿನ ಬರೆದಿಡದಿದ್ದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಮೂರನೇ ತಿಂಗಳಲ್ಲಿ ಗಬ್ಬ ಪರೀಕ್ಷೆಯನ್ನೂ ಮಾಡಿಸಿ.

ನಿಲ್ಲಿಸುವ ಬಗೆ: ದಿನಕ್ಕೆ ನಾಲ್ಕೈದು ಲೀಟರಿಗಿಂತ ಕಡಿಮೆ ಇದ್ದರೆ ಒಮ್ಮೆಲೇ ನಿಲ್ಲಿಸಬಹುದು. ಹೆಚ್ಚಿದ್ದರೆ ಒಂದು ವಾರ ಹಿಂಡಿ ಕಡಿಮೆ ಮಾಡಿ, ಹೊತ್ತು ಬಿಟ್ಟು ಹೊತ್ತು ಕರೆದು ಇಳಿಸಿ, ಆಮೇಲೆ ಪೂರ್ತಿ ನಿಲ್ಲಿಸಿ. ನೀರನ್ನು ಮಾತ್ರ ಕಡಿಮೆ ಮಾಡಬೇಡಿ.

ಕೊನೆಯ ಸಲ: ನಿಲ್ಲಿಸುವ ಮೊದಲು ನಾಲ್ಕೂ ಮೊಲೆಗೆ ಕೆಚ್ಚಲು ಬಾವಿನ ಪರೀಕ್ಷೆ ಮಾಡಿಸಿ. ಕೊನೆಯ ಸಲ ಪೂರ್ತಿ ಕರೆದು, ನಮ್ಮ ಸಲಹೆಯಂತೆ ಬತ್ತಿಸುವಾಗ ಬಿಡುವ ಟ್ಯೂಬನ್ನು ಮೊಲೆಗೆ ಬಿಡಿಸಿ, ಅಯೋಡಿನ್ ದ್ರಾವಣದಲ್ಲಿ ಮೊಲೆ ಅದ್ದಿ. ಟ್ಯೂಬ್ ಹಾಕಿದ ದಿನ ಬರೆದಿಡಿ. ಆಕಳು ಅವಧಿಗೆ ಮುಂಚೆ ಕರು ಹಾಕಿದರೆ ಆ ಹಾಲನ್ನು ನಮ್ಮನ್ನು ಕೇಳದೆ ಸಂಘಕ್ಕೆ ಹಾಕಬೇಡಿ.

ನಿಲ್ಲಿಸಿದ ಮೇಲೆ: ಕೆಚ್ಚಲು ಬಿಗಿದಿದೆ ಎಂದು ಪಾಪ ಪಟ್ಟು ಮಧ್ಯೆ ಕರೆಯಬೇಡಿ. ಕರೆದರೆ ಒತ್ತಡ ಇಳಿದು ಕೋಶಗಳು ಮತ್ತೆ ಹಾಲು ಮಾಡತೊಡಗುತ್ತವೆ, ಮೊಲೆಯ ತುದಿಯಲ್ಲಿ ಕಟ್ಟುತ್ತಿದ್ದ ಬಿರಡೆಯೂ ಕಿತ್ತುಹೋಗುತ್ತದೆ. ಆದರೆ ಕೆಚ್ಚಲು ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ಒದೆಯುವಂತಿದ್ದರೆ ಅಥವಾ ಆಕಳು ಮೇವು ಬಿಟ್ಟರೆ ಅದು ಬಾವು, ಕೂಡಲೇ ಕರೆ ಮಾಡಿ. ಮೊದಲ ಎರಡು ವಾರ, ಕೊನೆಯ ಎರಡು ವಾರ ಬಾವಿನ ಭಯ ಹೆಚ್ಚು.

ಕೊಟ್ಟಿಗೆ: ನಮ್ಮಲ್ಲಿ ಕೊಟ್ಟಿಗೆಗೆ ಸೊಪ್ಪು ಹಾಸುತ್ತೇವೆ. ತೋಟಕ್ಕೆ ಗೊಬ್ಬರ ಬೇಕು, ಅದು ಸರಿ. ಆದರೆ ಮಳೆಗಾಲದಲ್ಲಿ ಒದ್ದೆ ಸೊಪ್ಪಿನ ಮೇಲೆ ಮಲಗಿದ ಬತ್ತಿದ ಆಕಳ ಮೊಲೆಗೆ ರೋಗಾಣು ಸುಲಭವಾಗಿ ಹತ್ತುತ್ತದೆ. ಬತ್ತಿಸಿದ ಆಕಳಿಗೆ ಒಂದು ಒಣ ಮೂಲೆ ಮಾಡಿ ದರಕು ಹಾಸಿ, ಒದ್ದೆಯಾದಾಗ ಬದಲಿಸಿ.

ಮಲೆನಾಡು ಗಿಡ್ಡ ಆಕಳುಗಳು ಬಹುಪಾಲು ತಾವಾಗಿಯೇ ಸಮಯಕ್ಕೆ ಬತ್ತುತ್ತವೆ, ಒತ್ತಾಯ ಬೇಡ, ಮೇವು ಮಾತ್ರ ತಪ್ಪಿಸಬೇಡಿ. ಯಲ್ಲಾಪುರದ ಕಡೆ ಎಮ್ಮೆ ಸಾಕುವ ಗೌಳಿ ಸಹೋದರಿಯರು, ಕಾಡಿಗೆ ಮೇಯಲು ಹೋದರೂ ಗಬ್ಬದ ಎಮ್ಮೆಗೆ ಸಂಜೆ ಕೊಟ್ಟಿಗೆಯಲ್ಲಿ ಖನಿಜ ಮಿಶ್ರಣ ಸೇರಿಸಿದ ಹಿಂಡಿ ಸಿಗುವಂತೆ ನೋಡಿಕೊಳ್ಳಿ.

ಮನೆಯ ಲೆಕ್ಕವೂ ಹೊಂದಬೇಕು

ಎರಡು ತಿಂಗಳು ಬಟವಾಡೆ ಇಳಿದರೆ ಮನೆ ನಡೆಸುವುದು ನೀವು, ನಾವಲ್ಲ. ಆದ್ದರಿಂದ ಎರಡು ಆಕಳು ಇರುವವರು ಅವು ಒಂದೇ ತಿಂಗಳಲ್ಲಿ ಬತ್ತದಂತೆ ಮೊದಲೇ ಯೋಚಿಸಿ. ಕರು ಹಾಕಿ ಎರಡು ತಿಂಗಳ ಮೇಲೆ ಬೆದೆಗೆ ಬಂದಾಗ ಬೀಜ ಕೊಡಿಸುವ ಮುನ್ನ ಇನ್ನೊಂದರ ದಿನಾಂಕ ನೋಡಿ, ಮೂರ್ನಾಲ್ಕು ತಿಂಗಳ ಅಂತರವಿದ್ದರೆ ಮನೆಗೂ ಸಂಘಕ್ಕೂ ಹಾಲು ತಪ್ಪುವುದಿಲ್ಲ. ಒಂದೇ ಆಕಳು ಇರುವವರು ಹಾಲು ಹೆಚ್ಚಿರುವ ಮೊದಲ ತಿಂಗಳುಗಳಲ್ಲಿ ಪ್ರತಿ ಬಟವಾಡೆಯಿಂದ ಸ್ವಲ್ಪ ಎತ್ತಿಟ್ಟರೆ, ಬತ್ತಿದ ದಿನಗಳ ಹಿಂಡಿ ಖರ್ಚಿಗೆ ಕೈ ಚಾಚಬೇಕಾಗುವುದಿಲ್ಲ. ಸ್ವಸಹಾಯ ಸಂಘದಲ್ಲಿ ಇದಕ್ಕೆಂದೇ ಉಳಿತಾಯ ಮಾಡಬಹುದು.

ಮನೆಯಲ್ಲಿ ಹಿರಿಯರೋ ಯಜಮಾನರೋ “ಕೊಡುವ ಹಾಲು ಯಾಕೆ ಬಿಡ್ತೀಯೆ?” ಎಂದು ಕೇಳಿದರೆ 180 ಮತ್ತು 500 ಲೀಟರಿನ ಲೆಕ್ಕ ಹೇಳಿ. ಇಂದೇ ಗೋಡೆಯ ಕ್ಯಾಲೆಂಡರ್ ತೆಗೆದು ನಿಮ್ಮ ಒಂದೊಂದು ಆಕಳಿಗೂ ಎಮ್ಮೆಗೂ ಮೂರು ದಿನಾಂಕ ಬರೆಯಿರಿ: ಬೀಜ ಕೊಡಿಸಿದ್ದು, ಬತ್ತಿಸಬೇಕಾದದ್ದು, ಕರು ಹಾಕಬೇಕಾದದ್ದು. ಲೆಕ್ಕ ತಿಳಿಯದಿದ್ದರೆ ಗರ್ಭಧಾರಣೆಯ ಚೀಟಿ ಹಿಡಿದು ಸಂಘದ ಕಾರ್ಯದರ್ಶಿಯವರನ್ನೋ, ನಮ್ಮನ್ನೋ ಕೇಳಿ. ಬತ್ತಿಸುವ ದಿನಕ್ಕೆ ಒಂದು ವಾರ ಮೊದಲು ತಿಳಿಸಿದರೆ ಕೆಚ್ಚಲು ಪರೀಕ್ಷೆಗೆ ನಾವು ಮನೆಗೇ ಬರುತ್ತೇವೆ.

– ಪಶುವೈದ್ಯಾಧಿಕಾರಿ